ಕಬ್ಬಿಣ ಇದ್ದರೆ ಸಾಕೇ? ಅಯಸ್ಕಾಂತದ ಲೆಕ್ಕ ಬಿಡಿಸಿದ ಲೂಯಿ ನೀಲ್

ಅಯಸ್ಕಾಂತದ ಬಳೆ ಹಾಕಿಕೊಂಡರೆ ಅದು ರಕ್ತದಲ್ಲಿರುವ ಕಬ್ಬಿಣವನ್ನು ಎಳೆಯುತ್ತದೆ, ರಕ್ತಸಂಚಾರ ಚುರುಕಾಗುತ್ತದೆ, ಮಂಡಿನೋವು, ಬಿಪಿ ಎರಡೂ ಇಳಿಯುತ್ತವೆ ಎಂಬ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಬಳೆಯ ಜಾಗದಲ್ಲಿ ಕೆಲವೊಮ್ಮೆ ಬೆಲ್ಟ್ ಇರುತ್ತದೆ, ಕೆಲವೊಮ್ಮೆ ಚಪ್ಪಲಿ ಇರುತ್ತದೆ. ತರ್ಕ ಮಾತ್ರ ಒಂದೇ. ಅಯಸ್ಕಾಂತ ಕಬ್ಬಿಣವನ್ನು ಎಳೆಯುತ್ತದೆ, ರಕ್ತದಲ್ಲಿ ಕಬ್ಬಿಣ ಇದೆ, ಹಾಗಾಗಿ ಅಯಸ್ಕಾಂತ ರಕ್ತವನ್ನೂ ಎಳೆಯುತ್ತದೆ.

ಕೇಳಲು ಸರಿ ಎನಿಸುತ್ತದೆ. ಆದರೆ ನಡುವೆ ಒಂದು ಮೆಟ್ಟಿಲು ತಪ್ಪಿದೆ. ಕಬ್ಬಿಣದ ಪರಮಾಣು ಇರುವ ವಸ್ತುಗಳೆಲ್ಲ ಅಯಸ್ಕಾಂತಕ್ಕೆ ಅಂಟುತ್ತವೆಯೇ? ಇಲ್ಲ. ಕೆಲವು ಬಲವಾಗಿ ಅಂಟುತ್ತವೆ, ಕೆಲವು ಅಲುಗಾಡುವುದೇ ಇಲ್ಲ. ಏಕೆ ಹೀಗೆ ಎಂದು ಲೆಕ್ಕ ಹಾಕಿ ತೋರಿಸಿದವರಲ್ಲಿ ಮುಖ್ಯರು ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್. 1970ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅವರು ಬಿಡಿಸಿದ ಲೆಕ್ಕ ಇವತ್ತಿಗೂ ನಿಮ್ಮ ಮೊಬೈಲ್ ಚಾರ್ಜರ್‌ನ ಒಳಗೆ ಕೆಲಸಕ್ಕೆ ಬರುತ್ತಿದೆ. ಅವರ ಬದುಕಿನ ಕಥೆಯನ್ನು ಓದಿದರೆ ಬಳೆಯ ಸಂದೇಶ ಎಲ್ಲಿ ಎಡವಿದೆ ಎಂಬುದೂ ಗೊತ್ತಾಗುತ್ತದೆ.

ಲಿಯಾನ್‌ನ ಹುಡುಗ, ಸ್ಟ್ರಾಸ್‌ಬರ್ಗ್‌ನ ಗುರು

ಲೂಯಿ ನೀಲ್ ಹುಟ್ಟಿದ್ದು 1904ರ ನವೆಂಬರ್ 22ರಂದು, ಫ್ರಾನ್ಸಿನ ಲಿಯಾನ್ ನಗರದಲ್ಲಿ. ಪ್ಯಾರಿಸ್‌ನ ಪ್ರಸಿದ್ಧ ಎಕೋಲ್ ನಾರ್ಮಾಲ್ ಸುಪೀರಿಯರ್‌ನಲ್ಲಿ ಓದಿದರು. 1928ರಲ್ಲಿ ಓದು ಮುಗಿಸಿ, ಫ್ರಾನ್ಸಿನ ಪೂರ್ವ ಗಡಿಯಲ್ಲಿರುವ ಸ್ಟ್ರಾಸ್‌ಬರ್ಗ್‌ಗೆ ಹೋದರು. ಅಲ್ಲಿ ಪಿಯರ್ ವೈಸ್ ಎಂಬ ಹಿರಿಯ ವಿಜ್ಞಾನಿಯ ಪ್ರಯೋಗಾಲಯವಿತ್ತು. ಕಾಂತತ್ವದ ಬಗ್ಗೆ ಕೆಲಸ ಮಾಡಬೇಕೆಂದರೆ ಆ ಕಾಲದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ವೈಸ್ 1907ರಲ್ಲೇ ಒಂದು ದೊಡ್ಡ ಮಾತು ಹೇಳಿದ್ದರು. ಕಬ್ಬಿಣದ ತುಂಡಿನಲ್ಲಿ ಪ್ರತಿ ಪರಮಾಣುವೂ ಒಂದು ಪುಟಾಣಿ ಅಯಸ್ಕಾಂತ. ಅಕ್ಕಪಕ್ಕದ ಪರಮಾಣುಗಳು ಒಂದನ್ನೊಂದು ತಮ್ಮ ದಿಕ್ಕಿಗೇ ತಿರುಗಿಸಿಕೊಳ್ಳುತ್ತವೆ. ಕೋಟಿ ಕೋಟಿ ಪರಮಾಣುಗಳು ಹೀಗೆ ಒಂದೇ ಕಡೆ ಮುಖ ಮಾಡಿ ನಿಂತಾಗ ಅವುಗಳ ಬಲವೆಲ್ಲ ಕೂಡಿಕೊಂಡು ಹೊರಗೆ ಕಾಣುತ್ತದೆ. ಶಾಖ ಹೆಚ್ಚಿದಂತೆ ಈ ಶಿಸ್ತು ಕೆಡುತ್ತದೆ. ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಅದು ಅಯಸ್ಕಾಂತದ ಗುಣವನ್ನೇ ಕಳೆದುಕೊಳ್ಳುತ್ತದೆ. ಕಬ್ಬಿಣ, ನಿಕಲ್, ಕೋಬಾಲ್ಟ್ ಲೋಹಗಳಿಗೆ ಈ ವಿವರಣೆ ಚೆನ್ನಾಗಿ ಹೊಂದುತ್ತಿತ್ತು.

ಆದರೆ ಮ್ಯಾಂಗನೀಸ್, ಕ್ರೋಮಿಯಂ ಲೋಹಗಳ ವಿಷಯದಲ್ಲಿ ಲೆಕ್ಕ ಕೂಡಿಬರುತ್ತಿರಲಿಲ್ಲ. ಇವು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಯಸ್ಕಾಂತ ಹತ್ತಿರ ತಂದಾಗ ತೋರಿಸುವ ಅಲ್ಪಸ್ವಲ್ಪ ಪ್ರತಿಕ್ರಿಯೆಯೂ ಶಾಖ ಏರಿದರೂ ಇಳಿದರೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಡಾಕ್ಟರೇಟ್ ಮಾಡುತ್ತಿದ್ದ ನೀಲ್ ಈ ಒಗಟನ್ನು ಕೈಗೆತ್ತಿಕೊಂಡರು.

ಎದುರುಬದುರು ನಿಂತ ಪರಮಾಣುಗಳು

ಅವರಿಗೆ ಹೊಳೆದ ವಿಚಾರ ಸರಳವಾಗಿತ್ತು. ಪಕ್ಕದ ಪರಮಾಣುವನ್ನು ತನ್ನ ದಿಕ್ಕಿಗೆ ತಿರುಗಿಸುವ ಬದಲು, ಒಂದು ಪರಮಾಣು ಅದನ್ನು ನೇರ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಏನಾಗುತ್ತದೆ? ಒಂದು ಮೇಲೆ, ಒಂದು ಕೆಳಗೆ, ಮತ್ತೆ ಒಂದು ಮೇಲೆ, ಒಂದು ಕೆಳಗೆ. ಪ್ರತಿ ಪರಮಾಣುವೂ ಅಯಸ್ಕಾಂತವೇ, ಎಲ್ಲವೂ ಶಿಸ್ತಾಗಿಯೇ ನಿಂತಿವೆ. ಆದರೆ ಒಂದರ ಬಲವನ್ನು ಇನ್ನೊಂದು ಹೊಡೆದುಹಾಕಿ ಹೊರಗೆ ಸೊನ್ನೆ ಉಳಿಯುತ್ತದೆ.

ಹಳ್ಳಿಯ ಹಗ್ಗಜಗ್ಗಾಟ ನೆನಪಿಸಿಕೊಳ್ಳಿ. ಎರಡೂ ಕಡೆ ಹತ್ತು ಹತ್ತು ಜನ ಸಮಬಲದಿಂದ ಎಳೆಯುತ್ತಿದ್ದರೆ ಹಗ್ಗ ಅಲುಗಾಡುವುದಿಲ್ಲ. ದೂರದಿಂದ ಹಗ್ಗವನ್ನಷ್ಟೇ ನೋಡಿದವರು ಯಾರೂ ಎಳೆಯುತ್ತಲೇ ಇಲ್ಲ ಎಂದುಕೊಳ್ಳಬಹುದು.

1932ರಲ್ಲಿ ಡಾಕ್ಟರೇಟ್ ಪಡೆದ ನೀಲ್, 1936ರ ಹೊತ್ತಿಗೆ ಈ ವಿಚಾರವನ್ನು ಪೂರ್ತಿ ರೂಪಕ್ಕೆ ತಂದರು. ಇಂಥ ವಸ್ತುವನ್ನು ಕಾಯಿಸುತ್ತಾ ಹೋದರೆ ಒಂದು ನಿರ್ದಿಷ್ಟ ತಾಪಮಾನದಲ್ಲಿ ಈ ಎದುರುಬದುರು ಜೋಡಣೆ ಕುಸಿಯಬೇಕು ಎಂದೂ ಹೇಳಿದರು. 1938ರಲ್ಲಿ ಮ್ಯಾಂಗನೀಸ್ ಆಕ್ಸೈಡ್‌ನಲ್ಲಿ ಅಂಥದೊಂದು ತಿರುವು ಕಂಡುಬಂತು, ಸುಮಾರು ಮೈನಸ್ 157 ಡಿಗ್ರಿ ಸೆಲ್ಸಿಯಸ್ ಬಳಿ. ಈ ಬಗೆಯ ಕಾಂತತ್ವಕ್ಕೆ ಆಂಟಿಫೆರೋಮ್ಯಾಗ್ನೆಟಿಸಂ ಎಂಬ ಹೆಸರು ನಿಂತಿತು. ಜೋಡಣೆ ಕುಸಿಯುವ ತಾಪಮಾನವನ್ನು ಇವತ್ತು ಪಠ್ಯಪುಸ್ತಕಗಳು ನೀಲ್ ತಾಪಮಾನ ಎಂದೇ ಕರೆಯುತ್ತವೆ. ರಷ್ಯಾದ ಲೆವ್ ಲ್ಯಾಂಡೌ ಕೂಡ 1933ರಲ್ಲಿ ಸ್ವತಂತ್ರವಾಗಿ ಇಂಥದೇ ದಾರಿಯಲ್ಲಿ ಯೋಚಿಸಿದ್ದರು.

ಆದರೆ ಒಳಗೆ ಪರಮಾಣುಗಳು ನಿಜಕ್ಕೂ ಹಾಗೆ ನಿಂತಿವೆಯೇ ಎಂದು ನೇರವಾಗಿ ನೋಡುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ. ಕೆಲವು ಸಿದ್ಧಾಂತಿಗಳಿಗೆ ಈ ಚಿತ್ರದ ಮೇಲೆ ಅನುಮಾನವಿತ್ತು. ಪುರಾವೆ ಸಿಗಲು ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಯಬೇಕಿತ್ತು. ಅಷ್ಟರಲ್ಲಿ ಯುದ್ಧ ಬಂತು.

ಹಡಗುಗಳನ್ನು ಉಳಿಸಿದ ಕಳೆಯುವ ಲೆಕ್ಕ

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ಜರ್ಮನಿ ಹೊಸ ಬಗೆಯ ಬಾಂಬುಗಳನ್ನು ಸಮುದ್ರಕ್ಕೆ ಬಿಡತೊಡಗಿತು. ಇವು ಕಾಂತೀಯ ಮೈನ್‌ಗಳು. ಹಡಗು ಇವಕ್ಕೆ ತಾಗಬೇಕಾಗಿಯೇ ಇರಲಿಲ್ಲ. ಉಕ್ಕಿನ ಹಡಗು ಭೂಮಿಯ ಕಾಂತಕ್ಷೇತ್ರದಲ್ಲಿ ಇದ್ದು ಇದ್ದು ತಾನೇ ಒಂದು ದೊಡ್ಡ, ದುರ್ಬಲ ಅಯಸ್ಕಾಂತವಾಗಿರುತ್ತದೆ. ಅದು ಮೇಲೆ ಹಾದುಹೋದಾಗ ಆಗುವ ಸಣ್ಣ ಕಾಂತೀಯ ಬದಲಾವಣೆಯನ್ನು ಮೈನ್ ಗುರುತಿಸಿ ಸಿಡಿಯುತ್ತಿತ್ತು.

ಫ್ರಾನ್ಸಿನ ನೌಕಾಪಡೆ ನೆರವಿಗಾಗಿ ನೀಲ್ ಅವರತ್ತ ನೋಡಿತು. ಅವರು ಸೂಚಿಸಿದ ಉಪಾಯ ಅವರದೇ ಸಂಶೋಧನೆಯ ದಾರಿಯಲ್ಲಿತ್ತು. ಭೂಮಿಯ ಪ್ರಭಾವದಿಂದ ಹಡಗಿಗೆ ಬಂದಿರುವ ಕಾಂತತ್ವಕ್ಕೆ ನೇರ ವಿರುದ್ಧವಾದ ಕಾಂತತ್ವವನ್ನು ಹಡಗಿನ ಉಕ್ಕಿಗೇ ಕಾಯಂ ಆಗಿ ತುಂಬಿಬಿಡುವುದು. ಎರಡೂ ಒಂದನ್ನೊಂದು ಹೊಡೆದುಹಾಕಿದರೆ ಮೈನ್‌ನ ಕಣ್ಣಿಗೆ ಹಡಗು ಬೀಳುವುದಿಲ್ಲ. ಈ ವಿಧಾನ ಕೆಲಸ ಮಾಡಿತು. ಪ್ರಯೋಗಾಲಯದ ಒಂದು ಒಗಟು ಹೀಗೆ ಹಡಗಿನಲ್ಲಿದ್ದವರ ಪ್ರಾಣದ ಪ್ರಶ್ನೆಗೆ ಉತ್ತರವಾಯಿತು.

1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಸ್ಟ್ರಾಸ್‌ಬರ್ಗ್ ಜರ್ಮನಿಯ ವಶವಾಯಿತು. ಗುರು ಪಿಯರ್ ವೈಸ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಲಿಯಾನ್‌ನಲ್ಲಿ ತೀರಿಕೊಂಡರು. ಸ್ಟ್ರಾಸ್‌ಬರ್ಗ್‌ಗೆ ಹಿಂದಿರುಗುವ ದಾರಿ ಮುಚ್ಚಿದ್ದರಿಂದ ನೀಲ್ ಆಲ್ಪ್ಸ್ ಪರ್ವತಗಳ ಮಡಿಲಲ್ಲಿರುವ ಗ್ರೆನೋಬಲ್ ಎಂಬ ಊರಿಗೆ ಬಂದು ನೆಲೆಸಿದರು. ಆ ಊರಿಗೂ 1942ರ ಕೊನೆಯಲ್ಲಿ ಇಟಲಿಯ ಸೇನೆ, 1943ರಲ್ಲಿ ಜರ್ಮನ್ ಸೇನೆ ನುಗ್ಗಿತು. ಯುದ್ಧ ಮುಗಿದ ಮೇಲೂ ನೀಲ್ ಊರು ಬಿಡಲಿಲ್ಲ. ಅವರ ಅತಿ ದೊಡ್ಡ ಕೆಲಸ ನಡೆದದ್ದು ಅಲ್ಲೇ.

ಒಂದೇ ಕಬ್ಬಿಣ, ಎರಡು ಅದಿರು

ಆ ಕೆಲಸ ಏನೆಂದು ತಿಳಿಯಲು ನಮ್ಮ ರಾಜ್ಯದ ಎರಡು ಅದಿರುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಬಳ್ಳಾರಿ, ಸಂಡೂರು ಕಡೆ ಸಿಗುವ ಕಬ್ಬಿಣದ ಅದಿರು ಮುಖ್ಯವಾಗಿ ಹೆಮಟೈಟ್. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ತೆಗೆಯುತ್ತಿದ್ದ ಅದಿರಿನಲ್ಲಿ ಮುಖ್ಯವಾಗಿದ್ದದ್ದು ಮ್ಯಾಗ್ನೆಟೈಟ್. ಎರಡರಲ್ಲೂ ಇರುವುದು ಕಬ್ಬಿಣ ಮತ್ತು ಆಮ್ಲಜನಕ, ಬೇರೇನೂ ಇಲ್ಲ. ಶುದ್ಧ ಹೆಮಟೈಟ್‌ನ ತೂಕದಲ್ಲಿ ಶೇ 70ರಷ್ಟು ಕಬ್ಬಿಣ, ಶುದ್ಧ ಮ್ಯಾಗ್ನೆಟೈಟ್‌ನಲ್ಲಿ ಶೇ 72ರಷ್ಟು. ವ್ಯತ್ಯಾಸ ತೀರಾ ಕಡಿಮೆ. ಆದರೆ ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೆ ಟಪ್ಪೆಂದು ಅಂಟುತ್ತದೆ. ಪ್ರಾಚೀನರು ಸೂಜಿಗಲ್ಲು ಎಂದು ಕರೆದದ್ದು ಇದನ್ನೇ. ಶುದ್ಧ ಹೆಮಟೈಟ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ.

ಹಾಗಾದರೆ ವ್ಯತ್ಯಾಸ ಕಬ್ಬಿಣದ ಪ್ರಮಾಣದಲ್ಲಿಲ್ಲ, ಜೋಡಣೆಯಲ್ಲಿದೆ. ಮ್ಯಾಗ್ನೆಟೈಟ್‌ನ ಪರಮಾಣುಗಳು ಸ್ಪಿನೆಲ್ ಎಂಬ ವಿನ್ಯಾಸದಲ್ಲಿ ಕೂತಿವೆ. ಸ್ಪಿನೆಲ್ ಎಂಬುದು ಮೂಲತಃ ಒಂದು ರತ್ನದ ಹೆಸರು. ಬ್ರಿಟಿಷ್ ರಾಜಮನೆತನದ ಕಿರೀಟದಲ್ಲಿ ಶತಮಾನಗಳಿಂದ ಮಾಣಿಕ್ಯ ಎಂದೇ ಹೆಸರಾದ ಒಂದು ದೊಡ್ಡ ಕೆಂಪು ಹರಳು ನಿಜವಾಗಿ ಮಾಣಿಕ್ಯವಲ್ಲ, ಸ್ಪಿನೆಲ್. ಅದರಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಇವೆ. ಆ ಲೋಹಗಳ ಜಾಗದಲ್ಲಿ ಕಬ್ಬಿಣ, ನಿಕಲ್, ಮ್ಯಾಂಗನೀಸ್, ಸತು ಹೀಗೆ ಬೇರೆ ಬೇರೆ ಲೋಹಗಳನ್ನು ಕೂರಿಸಿದರೂ ವಿನ್ಯಾಸ ಹಾಗೇ ಉಳಿಯುತ್ತದೆ. ಈ ವಿನ್ಯಾಸವನ್ನು 1915ರಲ್ಲಿ ಬ್ರಿಟನ್ನಿನಲ್ಲಿ ಬ್ರ್ಯಾಗ್, ಜಪಾನಿನಲ್ಲಿ ನಿಶಿಕಾವಾ ಎಕ್ಸ್‌ರೇ ಬಳಸಿ ಕಂಡುಹಿಡಿದಿದ್ದರು.

ವಿನ್ಯಾಸವನ್ನು ಹೀಗೆ ಕಲ್ಪಿಸಿಕೊಳ್ಳಿ. ಹಣ್ಣಿನ ಅಂಗಡಿಯಲ್ಲಿ ಕಿತ್ತಳೆಗಳನ್ನು ಒತ್ತೊತ್ತಾಗಿ ಪೇರಿಸಿದ್ದಾರೆ. ಕಿತ್ತಳೆಗಳೇ ಆಮ್ಲಜನಕ. ನಡುವಿನ ಸಂದುಗಳಲ್ಲಿ ಲೋಹದ ಪರಮಾಣುಗಳು ಕೂರುತ್ತವೆ. ಸಂದುಗಳಲ್ಲಿ ಎರಡು ಬಗೆ. ನಾಲ್ಕು ಕಿತ್ತಳೆಗಳ ನಡುವಿನದು ಚಿಕ್ಕ ಸಂದು, ಆರು ಕಿತ್ತಳೆಗಳ ನಡುವಿನದು ದೊಡ್ಡ ಸಂದು. ಸ್ಪಿನೆಲ್‌ನಲ್ಲಿ ಪ್ರತಿ ನಾಲ್ಕು ಆಮ್ಲಜನಕಕ್ಕೆ ಮೂರು ಲೋಹದ ಪರಮಾಣು. ಒಂದು ಚಿಕ್ಕ ಸಂದಿನಲ್ಲಿ, ಎರಡು ದೊಡ್ಡ ಸಂದುಗಳಲ್ಲಿ.

ಕಬ್ಬಿಣದ ಜೊತೆ ಇನ್ನೊಂದು ಲೋಹ ಸೇರಿದ ಇಂಥ ಆಕ್ಸೈಡ್‌ಗಳಿಗೆ ಫೆರೈಟ್ ಎನ್ನುತ್ತಾರೆ. 1930ರಲ್ಲಿ ಟೋಕಿಯೋದ ಕಾಟೋ ಮತ್ತು ತಾಕೆಯಿ ಉಪಯುಕ್ತ ಫೆರೈಟ್‌ಗಳನ್ನು ತಯಾರಿಸಿದ್ದರು. ಅವುಗಳನ್ನು ಮಾರುಕಟ್ಟೆಗೆ ತರಲು 1935ರಲ್ಲಿ ಹುಟ್ಟಿದ ಕಂಪನಿಯೇ ಟಿಡಿಕೆ. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲೂ ಜೋರಾಗಿ ಕೆಲಸ ನಡೆದಿತ್ತು. ವಸ್ತು ತಯಾರಾಗುತ್ತಿತ್ತು, ಮಾರಾಟವೂ ಆಗುತ್ತಿತ್ತು. ಆದರೆ ಅದು ಏಕೆ ಅಯಸ್ಕಾಂತಕ್ಕೆ ಸ್ಪಂದಿಸುತ್ತದೆ, ಯಾವ ಲೋಹ ಎಷ್ಟು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ವಿವರಣೆ ಇರಲಿಲ್ಲ. ಹಾಕಿ ನೋಡುವುದು, ಅಳೆಯುವುದು, ಮತ್ತೆ ಹಾಕಿ ನೋಡುವುದು. ಅಷ್ಟೇ ನಡೆದಿತ್ತು.

ಒಂಬತ್ತರಲ್ಲಿ ಐದು ಕಳೆದರೆ ನಾಲ್ಕು

ಒಗಟು ಇದ್ದದ್ದು ಅಳತೆಯಲ್ಲಿ. ಪ್ರತಿ ಪರಮಾಣುವಿನ ಕಾಂತ ಬಲಕ್ಕೆ ಒಂದು ಅಂಕ ಕೊಡಬಹುದು. ಅದರಲ್ಲಿ ಜೋಡಿಯಿಲ್ಲದೆ ಒಂಟಿಯಾಗಿ ಉಳಿದ ಎಲೆಕ್ಟ್ರಾನ್‌ಗಳು ಎಷ್ಟಿವೆಯೋ ಸುಮಾರಾಗಿ ಅಷ್ಟೇ ಅಂಕ. ಮ್ಯಾಗ್ನೆಟೈಟ್‌ನ ಮೂರು ಕಬ್ಬಿಣಗಳ ಪೈಕಿ ಎರಡಕ್ಕೆ ಐದೈದು ಅಂಕ, ಒಂದಕ್ಕೆ ನಾಲ್ಕು. ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದರೆ ಒಟ್ಟು 14 ಬರಬೇಕು. ಅಳೆದು ನೋಡಿದರೆ ಸಿಗುತ್ತಿದ್ದದ್ದು ಸುಮಾರು 4 ಮಾತ್ರ. ಉಳಿದ ಹತ್ತು ಎಲ್ಲಿ ಹೋಯಿತು?

ನೀಲ್ ತಮ್ಮ ಹಳೆಯ ಹಗ್ಗಜಗ್ಗಾಟವನ್ನು ಇಲ್ಲಿಗೆ ತಂದರು. 1948ರಲ್ಲಿ ಪ್ರಕಟವಾದ ಅವರ ಪ್ರಬಂಧದ ಸಾರ ಇಷ್ಟು. ಚಿಕ್ಕ ಸಂದಿನ ಪರಮಾಣುಗಳೆಲ್ಲ ಒಂದು ತಂಡ, ದೊಡ್ಡ ಸಂದಿನ ಪರಮಾಣುಗಳೆಲ್ಲ ಇನ್ನೊಂದು ತಂಡ. ನಡುವಿನ ಆಮ್ಲಜನಕದ ಮೂಲಕ ಎರಡು ತಂಡಗಳೂ ಪರಸ್ಪರ ವಿರುದ್ಧ ದಿಕ್ಕಿಗೆ ನಿಲ್ಲುತ್ತವೆ. ಆದರೆ ಈ ಬಾರಿ ತಂಡಗಳು ಸಮಬಲದವಲ್ಲ. ಹಾಗಾಗಿ ಸೊನ್ನೆ ಬರುವುದಿಲ್ಲ, ವ್ಯತ್ಯಾಸ ಉಳಿಯುತ್ತದೆ.

ಮ್ಯಾಗ್ನೆಟೈಟ್‌ನ ಚಿಕ್ಕ ಸಂದಿನಲ್ಲಿ ಐದು ಅಂಕದ ಒಂದು ಕಬ್ಬಿಣ. ದೊಡ್ಡ ಸಂದುಗಳಲ್ಲಿ ಐದು ಅಂಕದ್ದೊಂದು, ನಾಲ್ಕು ಅಂಕದ್ದೊಂದು, ಒಟ್ಟು ಒಂಬತ್ತು. ಒಂಬತ್ತರಲ್ಲಿ ಐದು ಕಳೆದರೆ ನಾಲ್ಕು. ಅಳತೆಗೆ ಸರಿಯಾಗಿ ಕೂತಿತು. ಕಾಣೆಯಾದ ಹತ್ತು ಅಂಕ ಎಲ್ಲೂ ಹೋಗಿರಲಿಲ್ಲ. ಐದು ಐದನ್ನು ಹೊಡೆದುಹಾಕಿತ್ತು.

ಈ ಬಗೆಯ ಕಾಂತತ್ವಕ್ಕೆ ನೀಲ್ ಫೆರಿಮ್ಯಾಗ್ನೆಟಿಸಂ ಎಂದು ಹೆಸರಿಟ್ಟರು. ಸಾವಿರಾರು ವರ್ಷಗಳಿಂದ ಮನುಷ್ಯ ಕೈಯಲ್ಲಿ ಹಿಡಿದು ಬೆರಗಾಗಿದ್ದ ಸೂಜಿಗಲ್ಲು ಕಬ್ಬಿಣದ ತುಂಡಿನಂಥ ಅಯಸ್ಕಾಂತವಲ್ಲ, ಬೇರೆಯದೇ ಜಾತಿ ಎಂದು ಆಗ ಗೊತ್ತಾಯಿತು. ಹೆಮಟೈಟ್‌ನ ಒಗಟೂ ಬಿಡಿಸಿಕೊಂಡಿತು. ಅದರಲ್ಲಿ ಎರಡೂ ತಂಡಗಳು ಹೆಚ್ಚುಕಡಿಮೆ ಸಮಬಲ. ಹಾಗಾಗಿ ಹೊರಗೆ ಉಳಿಯುವುದು ತೀರಾ ಅಲ್ಪ.

ಸತು ಬೆರೆಸಿದರೆ ಬಲ ಹೆಚ್ಚುವುದೇಕೆ?

ನೀಲ್ ವಿವರಣೆಯ ನಿಜವಾದ ಪರೀಕ್ಷೆ ಬೇರೆ ಬೇರೆ ಲೋಹ ಬೆರೆಸಿದ ಫೆರೈಟ್‌ಗಳಲ್ಲಿತ್ತು. ಅದರಲ್ಲಿ ಒಂದು ಸಂಗತಿ ಎಲ್ಲರನ್ನೂ ಕಾಡಿತ್ತು. ಸತುವಿಗೆ ಕಾಂತ ಬಲವೇ ಇಲ್ಲ, ಅದರ ಅಂಕ ಸೊನ್ನೆ. ಬರೀ ಸತುವಿನ ಫೆರೈಟ್ ಕೋಣೆಯ ಶಾಖದಲ್ಲಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ನಿಕಲ್ ಫೆರೈಟ್‌ಗೆ ಸ್ವಲ್ಪ ಸತು ಬೆರೆಸಿದರೆ ಅದರ ಕಾಂತ ಬಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಹಾಲಿಗೆ ನೀರು ಬೆರೆಸಿದರೆ ಹಾಲು ಗಟ್ಟಿಯಾದಂತೆ!

ಲೆಕ್ಕ ನೋಡಿ. ನಿಕಲ್‌ನ ಅಂಕ ಎರಡು, ಅದು ದೊಡ್ಡ ಸಂದಿನಲ್ಲಿ ಕೂರುತ್ತದೆ. ಜೊತೆಗೆ ಐದು ಅಂಕದ ಒಂದು ಕಬ್ಬಿಣ. ಆ ತಂಡಕ್ಕೆ ಏಳು. ಎದುರಿನ ಚಿಕ್ಕ ಸಂದಿನ ತಂಡದಲ್ಲಿ ಐದು ಅಂಕದ ಒಂದು ಕಬ್ಬಿಣ. ಏಳರಲ್ಲಿ ಐದು ಕಳೆದರೆ ಎರಡು. ಇಂಥ ಎರಡು ಗುಂಪು ತೆಗೆದುಕೊಂಡರೆ ಒಟ್ಟು ನಾಲ್ಕು.

ಈಗ ಈ ಎರಡು ಗುಂಪಿನ ಒಂದು ನಿಕಲ್ ತೆಗೆದು ಒಂದು ಸತು ಹಾಕಿ. ಸತುವಿಗೆ ಚಿಕ್ಕ ಸಂದು ಇಷ್ಟ. ಅದು ಹೋಗಿ ಅಲ್ಲಿ ಕೂರುತ್ತದೆ, ಅಲ್ಲಿದ್ದ ಒಂದು ಕಬ್ಬಿಣವನ್ನು ದೊಡ್ಡ ಸಂದಿಗೆ ಕಳಿಸುತ್ತದೆ. ಚಿಕ್ಕ ಸಂದಿನ ತಂಡದಲ್ಲಿ ಉಳಿದದ್ದು ಒಂದು ಕಬ್ಬಿಣ, ಅಂದರೆ ಐದು ಅಂಕ. ದೊಡ್ಡ ಸಂದಿನ ತಂಡದಲ್ಲಿ ಒಂದು ನಿಕಲ್, ಮೂರು ಕಬ್ಬಿಣ, ಅಂದರೆ ಹದಿನೇಳು. ವ್ಯತ್ಯಾಸ ಹನ್ನೆರಡು. ನಾಲ್ಕಿದ್ದದ್ದು ಹನ್ನೆರಡಾಯಿತು! ಸತು ಬಲ ಕೊಡಲಿಲ್ಲ. ಎದುರಾಳಿ ತಂಡದ ಒಬ್ಬ ಆಟಗಾರನನ್ನು ಎಬ್ಬಿಸಿ ಈ ಕಡೆಗೆ ಕಳಿಸಿತು.

ನಿಜವಾದ ಅಳತೆಯಲ್ಲಿ ಇಷ್ಟು ಪೂರ್ತಿ ಸಿಗುವುದಿಲ್ಲ, ಸ್ವಲ್ಪ ಕಡಿಮೆ ಬರುತ್ತದೆ. ಸತುವನ್ನು ಸುಮಾರು ಅರ್ಧಕ್ಕಿಂತ ಹೆಚ್ಚು ಹಾಕಿದರೆ ಬಲ ಮತ್ತೆ ಇಳಿಯುತ್ತದೆ. ಕಾರಣವೂ ಇದೇ ಲೆಕ್ಕದಲ್ಲಿದೆ. ಎದುರಿನ ತಂಡ ತೀರಾ ಬಡವಾದಾಗ ಈ ಕಡೆಯವರನ್ನು ಒಂದೇ ದಿಕ್ಕಿಗೆ ನಿಲ್ಲಿಸುವವರೇ ಇರುವುದಿಲ್ಲ. ಅವರವರಲ್ಲೇ ಎಳೆದಾಟ ಶುರುವಾಗುತ್ತದೆ. ಬರೀ ಸತುವಿನ ಫೆರೈಟ್ ಸುಮ್ಮನಿರುವುದೂ ಇದಕ್ಕೇ.

ಕೊನೆಗೂ ಸಿಕ್ಕ ಪುರಾವೆ

ಲೆಕ್ಕ ಸರಿಹೊಂದಿದರೆ ಸಾಕಾಗುವುದಿಲ್ಲ, ಕಣ್ಣಿಗೆ ಕಾಣಬೇಕು. ಆ ಸಾಧನ ಸಿಕ್ಕಿದ್ದು ಅಣು ರಿಯಾಕ್ಟರ್‌ಗಳಿಂದ. ನ್ಯೂಟ್ರಾನ್ ಕಣವೂ ಒಂದು ಪುಟಾಣಿ ಅಯಸ್ಕಾಂತ. ಅದನ್ನು ಹರಳಿನ ಮೂಲಕ ಹಾಯಿಸಿದರೆ, ಒಳಗಿನ ಪರಮಾಣುಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದರ ಗುರುತು ಹೊತ್ತು ಹೊರಬರುತ್ತದೆ. 1949ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಕ್ಲಿಫರ್ಡ್ ಶಲ್ ಮತ್ತು ಸಂಗಡಿಗರು ಮ್ಯಾಂಗನೀಸ್ ಆಕ್ಸೈಡ್ ಅನ್ನು ಹೀಗೆ ಪರೀಕ್ಷಿಸಿದರು. ಪರಮಾಣುಗಳು ಎದುರುಬದುರಾಗಿಯೇ ನಿಂತಿದ್ದವು. 1951ರಲ್ಲಿ ಮ್ಯಾಗ್ನೆಟೈಟ್‌ನ ಎರಡು ತಂಡಗಳೂ ಇದೇ ರೀತಿ ಕಂಡವು. ಮುಂದೆ 1994ರಲ್ಲಿ ನ್ಯೂಟ್ರಾನ್ ವಿಧಾನಕ್ಕಾಗಿ ಶಲ್ ಅವರಿಗೂ ನೊಬೆಲ್ ಬಂತು.

ನೀಲ್ ಇನ್ನೊಂದು ವಿಚಿತ್ರ ಭವಿಷ್ಯವನ್ನೂ ಹೇಳಿದ್ದರು. ಕಾಯಿಸಿದಾಗ ಎರಡು ತಂಡಗಳೂ ಒಂದೇ ವೇಗದಲ್ಲಿ ದಣಿಯಬೇಕೆಂದಿಲ್ಲ. ಬಲವಾದ ತಂಡ ಬೇಗ ದಣಿದರೆ, ಯಾವುದೋ ಒಂದು ತಾಪಮಾನದಲ್ಲಿ ಎರಡೂ ಸಮವಾಗಿ ಕಾಂತ ಬಲ ಸೊನ್ನೆಯಾಗಬೇಕು. ಇನ್ನೂ ಕಾಯಿಸಿದರೆ ಬಲ ವಿರುದ್ಧ ದಿಕ್ಕಿನಲ್ಲಿ ಮರಳಿ ಬರಬೇಕು. 1953ರಲ್ಲಿ ಫಿಲಿಪ್ಸ್‌ನ ವಿಜ್ಞಾನಿಗಳು ಲಿಥಿಯಂ, ಕ್ರೋಮಿಯಂ ಬೆರೆಸಿದ ಫೆರೈಟ್‌ನಲ್ಲಿ ಇದನ್ನೇ ಕಂಡರು. ಮೊದಲೇ ಹೇಳಿದ್ದು ಆಮೇಲೆ ನಿಜವಾಗಿ ಕಂಡುಬಂದರೆ ಆ ವಿವರಣೆಯ ಮೇಲೆ ನಂಬಿಕೆ ಬರುತ್ತದೆ. ವಿಜ್ಞಾನಕ್ಕೂ ಫಾರ್ವರ್ಡ್ ಸಂದೇಶಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಊರನ್ನು ಕಟ್ಟಿದ ವಿಜ್ಞಾನಿ

ಪ್ಯಾರಿಸ್ ಬಿಟ್ಟು ಹೊರಗಿದ್ದರೆ ವಿಜ್ಞಾನದಲ್ಲಿ ಮುಂದೆ ಬರುವುದು ಕಷ್ಟ ಎಂಬ ಭಾವನೆ ಫ್ರಾನ್ಸಿನಲ್ಲಿದ್ದ ಕಾಲ ಅದು. ನೀಲ್ ಗ್ರೆನೋಬಲ್‌ನಲ್ಲೇ ಉಳಿದರು. 1946ರಲ್ಲಿ ಅಲ್ಲಿ ಪ್ರಯೋಗಾಲಯ ಕಟ್ಟಿದರು. 1954ರಲ್ಲಿ ಆ ಊರಿನ ಪಾಲಿಟೆಕ್ನಿಕ್ ಸಂಸ್ಥೆಯ ನಿರ್ದೇಶಕರಾದರು. 1956ರಲ್ಲಿ ಅಣು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿ ನಡೆಸಿದರು. 1967ರಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಕೂಡಿ ಅಲ್ಲೇ ನ್ಯೂಟ್ರಾನ್ ಸಂಶೋಧನೆಯ ದೊಡ್ಡ ಕೇಂದ್ರವೊಂದನ್ನು ಶುರು ಮಾಡಿದವು. ಇಪ್ಪತ್ತೇಳು ವರ್ಷ ಹಿಂದೆ ನೀಲ್ ಯಾವ ದೇಶದ ಸೇನೆಯಿಂದಾಗಿ ಸ್ಟ್ರಾಸ್‌ಬರ್ಗ್‌ಗೆ ಮರಳಲಾಗಲಿಲ್ಲವೋ, ಆ ದೇಶದ ವಿಜ್ಞಾನಿಗಳು ಈಗ ಅವರ ಊರಿನಲ್ಲಿ ಜೊತೆಗೂಡಿ ಕೆಲಸ ಮಾಡತೊಡಗಿದರು.

ಸುಟ್ಟ ಇಟ್ಟಿಗೆ, ಮಡಕೆ, ಬಂಡೆಗಳ ಬಗ್ಗೆಯೂ ನೀಲ್ ಕೆಲಸ ಮಾಡಿದರು. ಜೇಡಿಮಣ್ಣಿನಲ್ಲಿ ಮ್ಯಾಗ್ನೆಟೈಟ್‌ನಂಥ ಸೂಕ್ಷ್ಮ ಕಣಗಳಿರುತ್ತವೆ. ಸುಟ್ಟು ತಣಿಯುವಾಗ ಅವು ಆ ಹೊತ್ತಿನ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಷ್ಟು ದೊಡ್ಡ ಕಣ ಎಷ್ಟು ಕಾಲ ಈ ನೆನಪನ್ನು ಉಳಿಸಿಕೊಳ್ಳುತ್ತದೆ ಎಂಬ ಲೆಕ್ಕವನ್ನು ಅವರು 1949ರಲ್ಲಿ ಕೊಟ್ಟರು. ಬಂಡೆಗಳಲ್ಲಿ ಉಳಿದ ಇಂಥ ನೆನಪನ್ನು ಓದಿಯೇ ಖಂಡಗಳು ಸರಿಯುತ್ತಿವೆ ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿತು.

1970ರಲ್ಲಿ ಅವರಿಗೆ ಸ್ವೀಡನ್ನಿನ ಹಾನೆಸ್ ಆಲ್ವೆನ್ ಜೊತೆ ಭೌತವಿಜ್ಞಾನದ ನೊಬೆಲ್ ಹಂಚಿಕೆಯಾಯಿತು. ನೊಬೆಲ್ ಭಾಷಣದಲ್ಲಿ ನೀಲ್ ಒಂದು ಮಾತು ಒಪ್ಪಿಕೊಂಡರು. ತಾವು ಮೊದಲು ಕಂಡುಕೊಂಡ, ಹೊರಗೆ ಸೊನ್ನೆ ಕಾಣುವ ವಸ್ತುಗಳು ಸಿದ್ಧಾಂತಕ್ಕೆ ಕುತೂಹಲಕರ, ಆದರೆ ಯಾವ ಉಪಯೋಗಕ್ಕೂ ಬರುವಂತೆ ಕಾಣುವುದಿಲ್ಲ ಎಂಬುದು ಅದರ ಅರ್ಥ. ಆ ಅಂದಾಜು ಮುಂದೆ ತಪ್ಪಾಯಿತು. ಕಂಪ್ಯೂಟರ್ ಹಾರ್ಡ್ ಡಿಸ್ಕ್‌ನಲ್ಲಿ ಮಾಹಿತಿ ಓದುವ ಭಾಗಕ್ಕೆ ಅಂಥ ವಸ್ತುವಿನ ತೆಳು ಪದರವೇ ಬೇಕಾಯಿತು. 2000ದ ನವೆಂಬರ್ 17ರಂದು, 96 ತುಂಬಲು ಐದು ದಿನ ಬಾಕಿಯಿದ್ದಾಗ ಲೂಯಿ ನೀಲ್ ತೀರಿಕೊಂಡರು.

ನಿಮ್ಮ ಮನೆಯಲ್ಲಿ ನೀಲ್ ಲೆಕ್ಕ

ಲ್ಯಾಪ್‌ಟಾಪ್ ಅಥವಾ ಹಳೆಯ ಮಾನಿಟರ್ ಕೇಬಲ್‌ನ ತುದಿಯಲ್ಲಿ ಉಬ್ಬಿದ ಉರುಟು ಗಂಟೊಂದನ್ನು ನೋಡಿರಬಹುದು. ಅದರೊಳಗೆ ಇರುವುದು ಫೆರೈಟ್. ಮೊಬೈಲ್ ಚಾರ್ಜರ್‌ನ ಪುಟ್ಟ ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾಮಾನ್ಯವಾಗಿ ಮ್ಯಾಂಗನೀಸ್ ಮತ್ತು ಸತು ಬೆರೆಸಿದ ಫೆರೈಟ್ ಇರುತ್ತದೆ. ಇಂಡಕ್ಷನ್ ಒಲೆಯ ಸುರುಳಿಯ ಕೆಳಗೂ ಫೆರೈಟ್ ಪಟ್ಟಿಗಳಿವೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೋವನ್ನು ಅತ್ತಿತ್ತ ತಿರುಗಿಸಿದರೆ ಆಕಾಶವಾಣಿ ಜೋರಾಗಿ ಕೇಳುತ್ತಿತ್ತಲ್ಲ, ಅದಕ್ಕೆ ಕಾರಣ ಒಳಗಿದ್ದ ಕಪ್ಪು ಫೆರೈಟ್ ಕಡ್ಡಿ.

ಕಬ್ಬಿಣವನ್ನೇ ಬಳಸಬಹುದಿತ್ತಲ್ಲ ಎಂದು ಕೇಳಬಹುದು. ಕಬ್ಬಿಣದಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಸೆಕೆಂಡಿಗೆ ಸಾವಿರಾರು, ಲಕ್ಷಾಂತರ ಬಾರಿ ದಿಕ್ಕು ಬದಲಿಸುವ ಪ್ರವಾಹದ ಜೊತೆ ಅದನ್ನಿಟ್ಟರೆ ಅದರೊಳಗೇ ವಿದ್ಯುತ್ತಿನ ಸುಳಿಗಳೆದ್ದು ಬಿಸಿಯಾಗುತ್ತದೆ. ಫೆರೈಟ್ ಆಕ್ಸೈಡ್ ಆದ್ದರಿಂದ ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತ, ಸ್ಪೀಕರ್‌ನ ಕಪ್ಪು ಉಂಗುರ ಕೂಡ ಸಾಮಾನ್ಯವಾಗಿ ಫೆರೈಟ್‌ಗಳೇ. ಅವುಗಳ ಹರಳಿನ ವಿನ್ಯಾಸ ಸ್ಪಿನೆಲ್‌ಗಿಂತ ಬೇರೆ, ಆದರೆ ಕಳೆಯುವ ಲೆಕ್ಕ ಅದೇ.

ಹಾಗಾದರೆ ರಕ್ತದ ಕಬ್ಬಿಣ?

ಈಗ ಬಳೆಯ ವಿಷಯಕ್ಕೆ ಬರೋಣ. ವಯಸ್ಕರ ದೇಹದಲ್ಲಿ ಸುಮಾರು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ಹೆಚ್ಚಿನದು ರಕ್ತದ ಹಿಮೋಗ್ಲೋಬಿನ್‌ನಲ್ಲಿ. ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕೇ ಕಬ್ಬಿಣದ ಪರಮಾಣು. ಅವು ದೊಡ್ಡ ಪ್ರೋಟೀನ್‌ನ ಮಡಿಕೆಗಳಲ್ಲಿ ಒಂದಕ್ಕೊಂದು ದೂರದಲ್ಲಿ, ಬೇರೆಬೇರೆಯಾಗಿ ಕೂತಿವೆ. ಮ್ಯಾಗ್ನೆಟೈಟ್‌ನಲ್ಲಿ ಇದ್ದಂತೆ ಅಲ್ಲಿ ತಂಡವಿಲ್ಲ, ಸಾಲಿಲ್ಲ, ಒಂದೇ ದಿಕ್ಕಿಗೆ ನಿಲ್ಲಿಸುವ ನೆರೆಯವರಿಲ್ಲ.

ಆಮ್ಲಜನಕ ಹೊತ್ತ ರಕ್ತದಲ್ಲಂತೂ ಆ ಕಬ್ಬಿಣದ ಅಂಕ ಸೊನ್ನೆ. ಅಯಸ್ಕಾಂತ ಅದನ್ನು ಎಳೆಯುವುದಿಲ್ಲ. ಬದಲಿಗೆ ಅಳೆಯಲೂ ಕಷ್ಟವಾಗುವಷ್ಟು ಮೆಲ್ಲಗೆ ದೂಡುತ್ತದೆ. ಅಮೆರಿಕದ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇದನ್ನು 1936ರಲ್ಲೇ ತೋರಿಸಿದ್ದರು. ಆಮ್ಲಜನಕ ಇಳಿಸಿದ ರಕ್ತಕ್ಕೆ ತೀರಾ ಸಣ್ಣ ಸೆಳೆತವಿದೆ, ಆದರೆ ಮೈಯ ಶಾಖದ ಮುಂದೆ ಅದು ನಿಲ್ಲುವುದಿಲ್ಲ. ಈ ಅತಿ ಸಣ್ಣ ವ್ಯತ್ಯಾಸವನ್ನು ಗುರುತಿಸಿ ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ನೋಡುವ ಎಂಆರ್‌ಐ ವಿಧಾನ ಈಗಿದೆ. ಅದಕ್ಕೆ 1.5 ಅಥವಾ 3 ಟೆಸ್ಲಾ ಬಲದ ದೈತ್ಯ ಯಂತ್ರ ಬೇಕು. ಅದು ಫ್ರಿಜ್ ಮೇಲಿನ ಅಯಸ್ಕಾಂತಕ್ಕಿಂತ ನೂರಾರು ಪಟ್ಟು ಬಲವಾದದ್ದು. ಅಷ್ಟು ಬಲದ ಯಂತ್ರದೊಳಗೆ ಮಲಗಿದವರ ರಕ್ತವೂ ಒಂದು ಕಡೆಗೆ ಸರಿದು ನಿಲ್ಲುವುದಿಲ್ಲ. ಬಳೆ ಏನು ಎಳೆದೀತು?

ನೋವಿಗೆ ಇಂಥ ಅಯಸ್ಕಾಂತಗಳು ಉಪಯೋಗವೇ ಎಂದು ರೋಗಿಗಳ ಮೇಲೆ ಪರೀಕ್ಷೆಗಳೂ ನಡೆದಿವೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಉಪಯೋಗವಿದೆ ಎನ್ನಲು ಸಾಕಾಗುವ ಪುರಾವೆ ಸಿಕ್ಕಿಲ್ಲ. ಬಳೆ ಹಾಕಿಕೊಂಡರೆ ಹೆಚ್ಚಿನವರಿಗೆ ತೊಂದರೆಯೇನೂ ಆಗದು, ದುಡ್ಡು ಹೋಗುತ್ತದೆ ಅಷ್ಟೇ. ಅಪಾಯ ಇರುವುದು ಎರಡು ಕಡೆ. ಬಳೆ ಇದೆಯಲ್ಲ ಎಂದು ಬಿಪಿ ಮಾತ್ರೆ ನಿಲ್ಲಿಸುವವರಿಗೆ ಒಂದು. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಇನ್ನೊಂದು. ಅಯಸ್ಕಾಂತ ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ಕೆಲಸ ಮಾಡುವ ರೀತಿ ಬದಲಾಗಬಹುದು. ಅಂಥವರು ವೈದ್ಯರನ್ನು ಕೇಳದೆ ಅಯಸ್ಕಾಂತದ ವಸ್ತುಗಳನ್ನು ಮೈಗೆ ತಾಗಿಸಿಕೊಳ್ಳಬಾರದು.

ಕಬ್ಬಿಣ ಇದೆಯೇ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಅದರ ಪರಮಾಣುಗಳು ಹೇಗೆ ಕೂತಿವೆ, ಯಾವ ದಿಕ್ಕಿಗೆ ನಿಂತಿವೆ, ಒಂದನ್ನೊಂದು ಹೊಡೆದುಹಾಕಿದ ಮೇಲೆ ಎಷ್ಟು ಉಳಿಯುತ್ತದೆ ಎಂದೂ ಕೇಳಬೇಕು. ಲೂಯಿ ನೀಲ್ ಜೀವಮಾನವಿಡೀ ಕೇಳಿದ್ದು ಇದನ್ನೇ. ಬಳೆಯ ಸಂದೇಶ ಮುಂದಿನ ಸಲ ಬಂದಾಗ, ಅದನ್ನು ಕಳಿಸಿದವರಿಗೆ ಬಳ್ಳಾರಿ ಮತ್ತು ಕುದುರೆಮುಖದ ಎರಡು ಅದಿರುಗಳ ಕಥೆ ಹೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ಬಳೆ ನಂಬಿ ಮಾತ್ರೆ ಬಿಟ್ಟಿದ್ದಾರೆಯೇ ಎಂದು ಇವತ್ತೇ ವಿಚಾರಿಸಿ.